ಬಿಲ್ ಇಲ್ಲದಿದ್ದರೆ ಬೆಲ್ಟ್ ಬದಲಾಗಿಲ್ಲವೆಂದೇ ತಿಳಿಯಿರಿ

ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳಲು ಹೊರಟವರು ಟೈರ್ ನೋಡುತ್ತಾರೆ, ಪೇಂಟ್ ನೋಡುತ್ತಾರೆ, ಬಾನೆಟ್ ಎತ್ತಿಸಿ ಎಂಜಿನ್ ಸದ್ದು ಕೇಳುತ್ತಾರೆ, ಎಷ್ಟು ಓಡಿದೆ, ಎಷ್ಟನೇ ಓನರ್ ಎಂದು ವಿಚಾರಿಸುತ್ತಾರೆ. ಟೈಮಿಂಗ್ ಬೆಲ್ಟ್ ಯಾವಾಗ ಬದಲಾಗಿದೆ ಎಂದು ಕೇಳುವವರು ವಿರಳ. ಕೇಳಿದರೂ ‘ಎಂಬತ್ತು ಸಾವಿರವೂ ಓಡಿಲ್ಲ, ಅದರ ಗೊಡವೆ ಈಗೇಕೆ’ ಎಂಬ ಉತ್ತರಕ್ಕೆ ಸಮಾಧಾನಪಟ್ಟುಕೊಳ್ಳುತ್ತಾರೆ. ಈ ಉತ್ತರವನ್ನು ಒಪ್ಪಿಕೊಳ್ಳಬಾರದು ಎಂಬುದು ನನ್ನ ವಾದ. ಬೆಲ್ಟ್ ಇರುವ ಎಂಜಿನ್‌ನ ಹಳೆಯ ಕಾರಿಗೆ, ಅದನ್ನು ಬದಲಿಸಿದ ದಿನಾಂಕ ಮತ್ತು ಕಿಲೋಮೀಟರ್ ನಮೂದಿಸಿದ ಬಿಲ್ ಇಲ್ಲದಿದ್ದರೆ, ಮೀಟರ್ ಏನೇ ತೋರಿಸಲಿ, ಕಾರು ಮನೆಗೆ ಬಂದ ವಾರದಲ್ಲೇ ಬೆಲ್ಟ್ ಬದಲಾಗಬೇಕು. ಆ ಖರ್ಚನ್ನು ಕಾರಿನ ಬೆಲೆಯಲ್ಲೇ ಮುರಿದುಕೊಳ್ಳಬೇಕು.

ಇಷ್ಟು ಕಟ್ಟುನಿಟ್ಟು ಏಕೆಂದರೆ, ಈ ಒಂದು ಭಾಗ ಕೆಡುವ ರೀತಿಯೇ ಬೇರೆ. ಎಂಜಿನ್‌ನ ತಳದಲ್ಲಿ ಪಿಸ್ಟನ್‌ಗಳನ್ನು ಏರಿಳಿಸುವ ಕ್ರ್ಯಾಂಕ್‌ಶಾಫ್ಟ್ ಇದೆ, ಮೇಲೆ ವಾಲ್ವ್‌ಗಳನ್ನು ತೆರೆದು ಮುಚ್ಚುವ ಕ್ಯಾಮ್‌ಶಾಫ್ಟ್ ಇದೆ. ಕ್ರ್ಯಾಂಕ್ ಎರಡು ಸುತ್ತು ತಿರುಗುವಷ್ಟರಲ್ಲಿ ಕ್ಯಾಮ್ ಸರಿಯಾಗಿ ಒಂದು ಸುತ್ತು ತಿರುಗಬೇಕು. ಈ ಲೆಕ್ಕ ತಪ್ಪದಂತೆ ಎರಡನ್ನೂ ಹಿಡಿದಿಟ್ಟಿರುವುದು ಹಲ್ಲುಗಳಿರುವ ಒಂದು ರಬ್ಬರ್ ಪಟ್ಟಿ, ಅದೇ ಟೈಮಿಂಗ್ ಬೆಲ್ಟ್. ಎಂಜಿನ್ ನಿಮಿಷಕ್ಕೆ 3,000 ಸುತ್ತು ತಿರುಗುತ್ತಿದ್ದರೆ ಒಂದೊಂದು ವಾಲ್ವ್ ಸೆಕೆಂಡಿಗೆ 25 ಸಲ ತೆರೆದು ಮುಚ್ಚುತ್ತದೆ. ಡೀಸೆಲ್ ಎಂಜಿನ್‌ನಲ್ಲಿ ಒತ್ತಡ ಹೆಚ್ಚಿರಬೇಕಾದ್ದರಿಂದ ಪಿಸ್ಟನ್ ತುದಿಗೆ ಬಂದಾಗ ಮೇಲೆ ಉಳಿಯುವ ಜಾಗ ಅತ್ಯಲ್ಪ, ತೆರೆದ ವಾಲ್ವ್‌ಗೆ ಅಲ್ಲಿ ಎಡೆಯೇ ಇಲ್ಲ. ಬೆಲ್ಟ್ ಹರಿದರೆ ಅಥವಾ ಅದರ ಕೆಲವು ಹಲ್ಲು ಕಿತ್ತುಬಂದರೆ ಕ್ಯಾಮ್ ನಿಂತುಬಿಡುತ್ತದೆ, ಕ್ರ್ಯಾಂಕ್ ರಭಸಕ್ಕೆ ಇನ್ನೂ ತಿರುಗುತ್ತಿರುತ್ತದೆ, ಪಿಸ್ಟನ್ ಬಂದು ವಾಲ್ವ್‌ಗೆ ಬಡಿಯುತ್ತದೆ. ವಾಲ್ವ್ ಬಾಗುತ್ತದೆ, ರಾಕರ್ ಮುರಿಯುತ್ತದೆ, ಕೆಲವೊಮ್ಮೆ ಪಿಸ್ಟನ್ನೂ ಹೆಡ್ಡೂ ಒಟ್ಟಿಗೇ ಹಾಳಾಗುತ್ತವೆ. ಈಗಿನ ಹೆಚ್ಚಿನ ಪೆಟ್ರೋಲ್ ಎಂಜಿನ್‌ಗಳ ರಚನೆಯೂ ಇದೇ. ದುಡ್ಡಿನ ಮಾತು ಆಮೇಲಿರಲಿ. ಓಡುತ್ತಿರುವ ಕಾರಿನ ಎಂಜಿನ್ ಹಠಾತ್ತನೆ ನಿಂತಾಗ ಹೈಡ್ರಾಲಿಕ್ ಪವರ್ ಸ್ಟೀರಿಂಗ್‌ನ ನೆರವು ಹೋಗುತ್ತದೆ, ಬ್ರೇಕ್ ಬೂಸ್ಟರ್‌ನಲ್ಲಿ ಉಳಿದ ನಿರ್ವಾತ ಕೆಲವು ಸಲ ತುಳಿಯುವಷ್ಟರಲ್ಲಿ ತೀರಿ ಬ್ರೇಕ್ ಪೆಡಲ್ ಕಲ್ಲಿನಂತೆ ಗಟ್ಟಿಯಾಗುತ್ತದೆ. ಶಿರಾಡಿ ಘಾಟಿಯ ತಿರುವಿನಲ್ಲಿ, ಹಿಂದೊಂದು ಲೋಡ್ ಲಾರಿ ಇರುವಾಗ ಹೀಗಾದರೆ ಅದು ರಿಪೇರಿಯ ಪ್ರಶ್ನೆಯಾಗಿ ಉಳಿಯುವುದಿಲ್ಲ.

ತಯಾರಕರು ಬೆಲ್ಟ್‌ಗೆ ಸಾಮಾನ್ಯವಾಗಿ ಎರಡು ಗಡುವು ಕೊಡುತ್ತಾರೆ: ಇಷ್ಟು ಕಿಲೋಮೀಟರ್ ಅಥವಾ ಇಷ್ಟು ವರ್ಷ, ಯಾವುದು ಮೊದಲೋ ಅದು. ಎಂಜಿನ್‌ಗೆ ತಕ್ಕಂತೆ ಇದು ಸುಮಾರಾಗಿ 60 ಸಾವಿರದಿಂದ ಒಂದೂವರೆ ಲಕ್ಷ ಕಿಲೋಮೀಟರ್‌ವರೆಗೆ, ನಾಲ್ಕೈದರಿಂದ ಹತ್ತು ವರ್ಷಗಳವರೆಗೆ ಇರುತ್ತದೆ. ನಮ್ಮ ಮಾರುಕಟ್ಟೆಯಲ್ಲಿ ಈ ವಾಕ್ಯದ ಎರಡನೇ ಅರ್ಧ ಕಳೆದುಹೋಗಿದೆ. ಉಳಿದಿರುವ ಕಿಲೋಮೀಟರ್ ಲೆಕ್ಕವಾದರೂ ನಂಬಿಕೆಗೆ ಅರ್ಹವೇ? ಮೀಟರ್ ತಿರುಗಿಸುವುದು ಗುಟ್ಟಿನ ವಿದ್ಯೆಯಾಗಿ ಉಳಿದಿಲ್ಲ, ಡಿಜಿಟಲ್ ಮೀಟರ್ ಬಂದ ಮೇಲೂ ಅದು ನಿಂತಿಲ್ಲ. 2.5 ಲೀಟರ್ ಡೀಸೆಲ್‌ನ ಹಳೆಯ ಇನ್ನೋವಾದಲ್ಲಿ ಬೆಲ್ಟ್ ಬದಲಿಸುವ ಹೊತ್ತಿಗೆ ಡ್ಯಾಶ್‌ಬೋರ್ಡಿನಲ್ಲಿ ಒಂದು ದೀಪ ಹೊತ್ತಿಕೊಳ್ಳುತ್ತದೆ. ಒಳ್ಳೆಯ ಏರ್ಪಾಡು. ಆದರೆ ಆ ದೀಪ ಬೆಲ್ಟನ್ನು ನೋಡುವುದಿಲ್ಲ, ಕಿಲೋಮೀಟರ್ ಎಣಿಸುತ್ತದೆ ಅಷ್ಟೆ. ಬೆಲ್ಟ್ ಮುಟ್ಟದೆಯೇ ಅದನ್ನು ಕೈಯಿಂದ ಆರಿಸಿ ಎಣಿಕೆಯನ್ನು ಮತ್ತೆ ಮೊದಲಿನಿಂದ ಶುರುಮಾಡಿಸಬಹುದು. ಟ್ಯಾಕ್ಸಿಯಾಗಿ ದುಡಿದು ಬಂದ ಇನ್ನೋವಾದಲ್ಲಿ ದೀಪ ಆರಿದೆ ಎಂಬುದರಿಂದ ಏನೂ ಸಾಬೀತಾಗುವುದಿಲ್ಲ.

ಮೀಟರ್ ಪ್ರಾಮಾಣಿಕವಾಗಿಯೇ ಇದೆ ಎಂದುಕೊಳ್ಳೋಣ. ಆಗಲೂ ಅದು ಅಳೆಯುವುದು ಚಕ್ರ ಸಾಗಿದ ದೂರವನ್ನು, ಬೆಲ್ಟ್ ಸವೆಯುವುದು ಎಂಜಿನ್ ತಿರುಗಿದ ಸುತ್ತುಗಳಿಂದ. ಟಾಮ್‌ಟಾಮ್ ಟ್ರಾಫಿಕ್ ಸೂಚ್ಯಂಕದ ಪ್ರಕಾರ 2024ರಲ್ಲಿ ಬೆಂಗಳೂರಿನಲ್ಲಿ 10 ಕಿಲೋಮೀಟರ್ ಕ್ರಮಿಸಲು ಸರಾಸರಿ 34 ನಿಮಿಷ ಬೇಕಿತ್ತು. ಹೆದ್ದಾರಿಯಲ್ಲಿ ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಅದೇ ದೂರಕ್ಕೆ 10 ನಿಮಿಷ ಸಾಕು. ಒಂದು ಲಕ್ಷ ಕಿಲೋಮೀಟರ್‌ಗೆ ಇದನ್ನು ಹಿಗ್ಗಿಸಿ ನೋಡಿ. ಹೆದ್ದಾರಿಯ ಕಾರಿನ ಎಂಜಿನ್ ಒಂದು ಲಕ್ಷ ನಿಮಿಷ ಓಡಿರುತ್ತದೆ, ಬೆಂಗಳೂರಿನ ಕಾರಿನದು ಮೂರು ಲಕ್ಷ ನಲವತ್ತು ಸಾವಿರ ನಿಮಿಷ. ಹೆದ್ದಾರಿಯಲ್ಲಿ ನಿಮಿಷಕ್ಕೆ 2,000 ಸುತ್ತು, ಸಿಗ್ನಲ್‌ನಲ್ಲಿ ನಿಂತು ಉರಿಯುವುದೂ ಸೇರಿ ನಗರದಲ್ಲಿ 1,200 ಸುತ್ತು ಎಂದು ಅಂದಾಜು ಹಿಡಿದರೂ, ಒಂದರಲ್ಲಿ 20 ಕೋಟಿ ಸುತ್ತಾದರೆ ಇನ್ನೊಂದರಲ್ಲಿ 40 ಕೋಟಿಗೂ ಹೆಚ್ಚು. ಸಿಲ್ಕ್ ಬೋರ್ಡ್ ಜಂಕ್ಷನ್‌ನಲ್ಲಿ ದಿನಾ ನಿಂತು ಬಂದ ಕಾರಿನ 70 ಸಾವಿರ, ಹುಬ್ಬಳ್ಳಿ-ಬೆಂಗಳೂರು ಓಡಾಡಿದ ಕಾರಿನ ಒಂದೂಕಾಲು ಲಕ್ಷಕ್ಕೂ ಮೀರಿದ ಸವೆತ. ಧೂಳು, ಸೆಕೆ, ಪದೇ ಪದೇ ನಿಂತು ಹೊರಡುವ ಓಟ ಇದ್ದರೆ ಸರ್ವಿಸ್ ಅವಧಿಯನ್ನು ಮೊಟಕುಗೊಳಿಸಿ ಎಂದು ಕಾರಿನ ಕೈಪಿಡಿಗಳೇ ಸಾಮಾನ್ಯವಾಗಿ ಹೇಳುತ್ತವೆ. ನಮ್ಮ ನಗರಗಳ ಸಹಜ ಸ್ಥಿತಿಯೇ ಅದು.

ಇನ್ನು ವಯಸ್ಸು. ಬೆಲ್ಟ್‌ನ ಹೊರಮೈ ಶಾಖ ತಾಳುವ ವಿಶೇಷ ರಬ್ಬರ್, ಒಳಗೆ ಗಾಜಿನ ನಾರಿನ ಎಳೆಗಳು. ಕಾರು ಶೆಡ್ಡಿನಲ್ಲಿ ನಿಂತಿದ್ದರೂ ರಬ್ಬರ್ ಮುದಿಯಾಗುತ್ತದೆ. ಸೀಲ್ ಸೋರಿ ಎಣ್ಣೆ ತಾಗಿದರೆ, ವಾಟರ್ ಪಂಪಿನಿಂದ ಕೂಲಂಟ್ ಜಿನುಗಿದರೆ ಇನ್ನೂ ಬೇಗ. ಆದ್ದರಿಂದ ‘ಡಾಕ್ಟರ್ ಓಡಿಸಿದ ಕಾರು, ಒಂಬತ್ತು ವರ್ಷಕ್ಕೆ ಮೂವತ್ತೈದು ಸಾವಿರ’ ಎಂದು ಹೆಚ್ಚು ಬೆಲೆಗೆ ಮಾರುವ ಕಾರೇ ಈ ವಿಷಯದಲ್ಲಿ ಹೆಚ್ಚು ಅನುಮಾನಕ್ಕೆ ಯೋಗ್ಯ. ದೆಹಲಿ ಪ್ರದೇಶದಲ್ಲಿ ಹತ್ತು ವರ್ಷ ಮೀರಿದ ಡೀಸೆಲ್ ವಾಹನಗಳ ಮೇಲೆ ಹಸಿರು ನ್ಯಾಯಮಂಡಳಿ ಹಾಕಿದ ನಿರ್ಬಂಧವನ್ನು ಸುಪ್ರೀಂ ಕೋರ್ಟ್ 2018ರಲ್ಲಿ ಎತ್ತಿಹಿಡಿದ ಮೇಲೆ ಅಲ್ಲಿನ ಡೀಸೆಲ್ ಕಾರುಗಳು ಅಗ್ಗದ ಬೆಲೆಗೆ ಬೇರೆ ರಾಜ್ಯಗಳಿಗೆ ಹರಿದವು, ಕರ್ನಾಟಕಕ್ಕೂ ಬಂದವು. ಕಡಿಮೆ ಓಡಿದ, ಎಂಟು-ಒಂಬತ್ತು ವರ್ಷದ ಇಂಥ ಕಾರಿನಲ್ಲಿ ಕಿಲೋಮೀಟರ್ ಗಡುವು ಬಾಕಿ ಇದ್ದರೂ ವರ್ಷದ ಗಡುವು ಮುಗಿದಿರಬಹುದು.

ಕವರ್ ತೆಗೆದು ನೋಡಿದರೆ ಸಾಲದೇ ಎಂದು ಕೇಳುವವರಿದ್ದಾರೆ. ಸಾಲದು. ಬಿರುಕು ಕಂಡರೆ ಬೆಲ್ಟ್ ಕೆಟ್ಟಿದೆ ಎನ್ನಬಹುದು, ಬಿರುಕು ಕಾಣದಿದ್ದರೆ ಚೆನ್ನಾಗಿದೆ ಎನ್ನಲಾಗದು. ಒಳಗಿನ ನಾರು ಕಡಿದಿರುವುದಾಗಲಿ, ಬೆಲ್ಟನ್ನು ಬಿಗಿಯಾಗಿ ಹಿಡಿಯುವ ಟೆನ್ಷನರ್‌ನ ಬೇರಿಂಗ್ ಸವೆದಿರುವುದಾಗಲಿ ಕಣ್ಣಿಗೆ ಬೀಳುವುದಿಲ್ಲ. ಇದಕ್ಕಿಂತ ತೂಕದ ಆಕ್ಷೇಪ ಅನುಭವಿ ಮೆಕ್ಯಾನಿಕ್‌ಗಳಿಂದಲೇ ಬರುತ್ತದೆ: ಸರಿಯಾಗಿರುವ ಬೆಲ್ಟನ್ನು ಕೆಲಸ ಗೊತ್ತಿಲ್ಲದವನ ಕೈಗೆ ಕೊಟ್ಟು ಒಂದು ಹಲ್ಲು ತಪ್ಪಿ ಕೂರಿಸಿಕೊಳ್ಳುವ ಬದಲು ಇದ್ದದ್ದನ್ನು ಇದ್ದಹಾಗೆ ಬಿಡುವುದು ಮೇಲು. ಈ ಭಯ ನಿಜವಾದದ್ದು, ಒಂದು ಹಲ್ಲು ಆಚೀಚೆಯಾದರೂ ಎಂಜಿನ್ ನರಳುತ್ತದೆ. ಆದರೆ ಇದರಿಂದ ಹೊರಡುವ ತೀರ್ಮಾನ ಕೆಲಸವನ್ನೇ ಬಿಡಬೇಕು ಎಂಬುದಲ್ಲ, ಯಾರ ಕೈಯಲ್ಲಿ ಮಾಡಿಸಬೇಕು ಎಂಬುದು. ಡಸ್ಟರ್, ಟೆರಾನೊ, ಸನ್ನಿ, ವೆರಿಟೊಗಳಲ್ಲಿದ್ದ ರೆನೋದ 1.5 ಲೀಟರ್ ಡೀಸೆಲ್‌ನಲ್ಲಿ ಕ್ರ್ಯಾಂಕ್ ಮತ್ತು ಕ್ಯಾಮ್ ಎರಡನ್ನೂ ಪಿನ್ ಹಾಕಿ ಕದಲದಂತೆ ನಿಲ್ಲಿಸಿಯೇ ಬೆಲ್ಟ್ ಕೂರಿಸಬೇಕು. ಆ ಪಿನ್‌ಗಳು ನಿಮ್ಮಲ್ಲಿವೆಯೇ ಎಂದು ಮೊದಲು ಕೇಳಿ. ಕೆಲಸ ಮುಗಿದ ಮೇಲೆ ಸ್ಟಾರ್ಟ್ ಮಾಡುವ ಮುನ್ನ ಎಂಜಿನ್ನನ್ನು ಸ್ಪ್ಯಾನರ್‌ನಿಂದ ಎರಡು ಪೂರ್ತಿ ಸುತ್ತು ತಿರುಗಿಸಿ ಗುರುತುಗಳು ಕೂಡುತ್ತವೆಯೇ ನೋಡುವವನೇ ಕೆಲಸಗಾರ. ಬೆಲ್ಟ್ ಒಂದನ್ನೇ ಹಾಕಿ ಹಳೆಯ ಟೆನ್ಷನರ್, ಐಡ್ಲರ್ ಉಳಿಸುವ ಉಳಿತಾಯ ಬೇಡ. ಅದೇ ಬೆಲ್ಟ್ ವಾಟರ್ ಪಂಪನ್ನೂ ತಿರುಗಿಸುವ ಎಂಜಿನ್‌ಗಳಲ್ಲಿ ಪಂಪೂ ಜೊತೆಗೇ ಬದಲಾಗಲಿ, ಅದಕ್ಕೆ ಹೆಚ್ಚಿನ ಕೂಲಿ ಬೀಳುವುದಿಲ್ಲ.

ಎರಡು ಲಕ್ಷದ ಕಾರಿಗೆ ಇಪ್ಪತ್ತು ಸಾವಿರದ ಬೆಲ್ಟೇ ಎಂಬ ಮಾತು ಸಂಕಟದಿಂದ ಬರುವಂಥದ್ದು, ಅದನ್ನು ತಳ್ಳಿಹಾಕಲಾರೆ. ಹಳೆಯ ಕಾರು ಕೊಳ್ಳುವವರಲ್ಲಿ ಹೆಚ್ಚಿನವರು ಕೂಡಿಟ್ಟ ಹಣವನ್ನೋ ಸಾಲವನ್ನೋ ಅದಕ್ಕೆ ಸುರಿದಿರುತ್ತಾರೆ. ಆದರೆ ಬೆಲ್ಟ್ ಕೈಕೊಟ್ಟರೆ ಹೆಡ್ ಬಿಚ್ಚಿ ಕಟ್ಟುವ ಖರ್ಚು ಬೆಲ್ಟ್ ಕಿಟ್‌ನ ಹಲವು ಪಟ್ಟು, ಅದನ್ನು ವಿಮೆಯೂ ಕೊಡುವುದಿಲ್ಲ. ನಮ್ಮ ಸಮಗ್ರ ಮೋಟಾರು ಪಾಲಿಸಿಯ ಮೂಲ ಷರತ್ತುಗಳಲ್ಲೇ ಸವೆತ ಮತ್ತು ಯಾಂತ್ರಿಕ ವೈಫಲ್ಯವನ್ನು ಹೊರಗಿಡಲಾಗಿದೆ. ಹಾಗಾಗಿ ಆ ಇಪ್ಪತ್ತು ಸಾವಿರ ಕೊಳ್ಳುವವರ ಮೇಲೆ ಬೀಳುವ ಹೆಚ್ಚುವರಿ ಖರ್ಚಲ್ಲ, ಮಾರುವವರು ಮಾಡದೆ ಉಳಿಸಿದ ಖರ್ಚು. ಬೆಲೆ ಮಾತಾಡುವಾಗಲೇ ಅದು ಇಳಿಯಬೇಕು.

ಎಲ್ಲ ಕಾರಿಗೂ ಈ ಮಾತು ಅನ್ವಯಿಸದು. ಟೈಮಿಂಗ್ ಚೈನ್ ಇರುವ ಎಂಜಿನ್‌ಗಳಿಗೆ ಹೀಗೆ ಗಡುವಿನಲ್ಲಿ ಬದಲಿಸುವ ನಿಯಮ ಸಾಮಾನ್ಯವಾಗಿ ಇಲ್ಲ. ಗೊಂದಲ ಹುಟ್ಟುವುದು ಒಂದೇ ಹೆಸರಿನ ಕಾರಿನಲ್ಲಿ ಎರಡೂ ಬಂದಿರುವುದರಿಂದ. ಮೊದಲ ಸ್ವಿಫ್ಟ್‌ನ 1.3 ಪೆಟ್ರೋಲ್‌ಗೆ ಬೆಲ್ಟ್, 2010ರಲ್ಲಿ ಅದರ ಬದಲು ಬಂದ 1.2ಕ್ಕೆ ಚೈನ್, ಡೀಸೆಲ್ ಸ್ವಿಫ್ಟ್‌ಗೂ ಚೈನ್. ಐ10ರ 1.1ಕ್ಕೆ ಬೆಲ್ಟ್, 1.2 ಕಪ್ಪಾಗೆ ಚೈನ್. 2.5 ಇನ್ನೋವಾಕ್ಕೆ ಬೆಲ್ಟ್, 2.4 ಕ್ರಿಸ್ಟಾಗೆ ಚೈನ್. ಮಾಡೆಲ್ ಹೆಸರಿನಿಂದ ತೀರ್ಮಾನಿಸದೆ ಎಂಜಿನ್ ಯಾವುದೆಂದು ನೋಡಿಯೇ ಮುಂದುವರಿಯಬೇಕು.

ಇದನ್ನೆಲ್ಲ ಕೊಳ್ಳುವವರೊಬ್ಬರ ಜಾಗರೂಕತೆಗೇ ಬಿಡುವುದು ನ್ಯಾಯವಲ್ಲ. ಕೇಂದ್ರ ಸಾರಿಗೆ ಸಚಿವಾಲಯ 2022ರ ಡಿಸೆಂಬರ್‌ನಲ್ಲಿ ನಿಯಮಗಳಿಗೆ ತಿದ್ದುಪಡಿ ತಂದು, 2023ರ ಏಪ್ರಿಲ್ 1ರಿಂದ ಹಳೆ ವಾಹನಗಳ ಡೀಲರ್‌ಗಳಿಗೆ ಅಧಿಕೃತ ಪ್ರಮಾಣಪತ್ರ ಕಡ್ಡಾಯ ಮಾಡಿತು. ತಮ್ಮ ವಶದಲ್ಲಿರುವ ಕಾರು ಯಾವ ಕೆಲಸಕ್ಕೆ ಹೊರಗೆ ಹೋಯಿತು, ಯಾರು ಓಡಿಸಿದರು, ಎಷ್ಟು ಓಡಿತು ಎಂಬುದನ್ನು ಅವರು ಎಲೆಕ್ಟ್ರಾನಿಕ್ ರಿಜಿಸ್ಟರ್‌ನಲ್ಲಿ ಬರೆದಿಡಬೇಕು. ಅಂಗಡಿಯಲ್ಲಿದ್ದ ಕೆಲವು ವಾರಗಳ ಓಟಕ್ಕೆ ಇಷ್ಟು ಲೆಕ್ಕ ಕೇಳುವ ಸರ್ಕಾರ, ಅದಕ್ಕೂ ಮುಂಚಿನ ಎಂಟು ವರ್ಷದಲ್ಲಿ ಬೆಲ್ಟ್ ಬದಲಾಗಿದೆಯೇ ಎಂಬ ಒಂದು ಸಾಲನ್ನೂ ಕೇಳಬಹುದು. ‘ಬದಲಿಸಿದೆ, ಇಂಥ ದಿನ, ಇಷ್ಟು ಕಿಲೋಮೀಟರ್‌ಗೆ, ಬಿಲ್ ಲಗತ್ತಿಸಿದೆ’ ಅಥವಾ ‘ದಾಖಲೆ ಇಲ್ಲ’ ಎಂದು ಡೀಲರ್ ಸಹಿ ಮಾಡಿ ಕೊಡಲಿ. ನಿಯಮ ಬರುವ ತನಕ ಕಾಯಬೇಕಾಗಿಯೂ ಇಲ್ಲ. ಮುಂಗಡ ಕೊಡುವ ಮೊದಲೇ ಕೊಳ್ಳುವವರು ಮಾರಾಟ ಪತ್ರದಲ್ಲಿ ಈ ಸಾಲು ಬರೆಸಿಕೊಳ್ಳಬಹುದು, ಬೆಲ್ಟ್ ಹಾಕಿದ ಗ್ಯಾರೇಜಿನವರು ದಿನಾಂಕ ಮತ್ತು ಕಿಲೋಮೀಟರ್ ಬರೆದ ಸ್ಟಿಕ್ಕರ್ ಒಂದನ್ನು ಬಾನೆಟ್ ಒಳಗೆ ಅಂಟಿಸಬಹುದು.