ಹಿಂದಿನ ಸೀಟಿನ ಲೆಕ್ಕ

“ನೀ ಹೋಗಿ ಬಾರಪಾ. ನನಗ ಮೊಣಕಾಲು ಹಿಡದಾವು.”

ಸತತ ಮೂರನೇ ಸೋಮವಾರ ಅವ್ವ ಹೀಗಂದಾಗ ನನಗೆ ಅನುಮಾನ ಬಂತು. ಹಳೇ ಹುಬ್ಬಳ್ಳಿಯ ನಮ್ಮ ಮನೆಯಿಂದ ಸಿದ್ಧಾರೂಢ ಮಠಕ್ಕೆ ಗಾಡಿ ಮೇಲೆ ಹತ್ತು ನಿಮಿಷ. ಅಪ್ಪ ಇದ್ದಾಗ ಒಂಬತ್ತು ವರ್ಷ ಅವ್ವ ಇದೇ ಗಾಡಿಯ ಹಿಂದಿನ ಸೀಟಿನಲ್ಲಿ ಕೂತು ಹೋದವಳು. ಅಪ್ಪ ಹೋದ ಮೇಲೆ ಎರಡು ವರ್ಷ ನನ್ನ ಹಿಂದೆ. ಮಳೆ ಇರಲಿ, ಜ್ವರ ಇರಲಿ, ಸೋಮವಾರ ತಪ್ಪಿಸಿದವಳಲ್ಲ. ಈಗ ಒಮ್ಮೆಲೇ ಮೊಣಕಾಲು ನೋವು ಅಂದರೆ? ಅದೇ ಮೊಣಕಾಲಿನಲ್ಲಿ ದಿನಾ ಮಾಳಿಗೆ ಹತ್ತಿ ಹಪ್ಪಳ ಒಣಗಿಸಿ ಬರುತ್ತಾಳಲ್ಲ!

ರಾತ್ರಿ ತಂಗಿ ಗುಟ್ಟು ಬಿಚ್ಚಿದಳು. “ಅಣ್ಣಾ, ಅಕಿಗೆ ಮೊಣಕಾಲು ನೋವಿಲ್ಲ. ನಿನ್ನ ಗಾಡಿ ಮ್ಯಾಲೆ ಕುಂತು ಬಂದ್ರ ಎರಡು ದಿನ ನಡಾ ಹಿಡಕೊಂಡು ಅಡ್ಡಾಡ್ತಾಳ. ನೀ ಅಷ್ಟು ರೊಕ್ಕ ಹಾಕಿದಿ ಅಂತ ಹೇಳಿಲ್ಲ, ಅಷ್ಟ.”

ಅಷ್ಟು ರೊಕ್ಕ ಅಂದರೆ ಆರೂವರೆ ಸಾವಿರ. ಅಪ್ಪನ ಗಾಡಿಯ ಹಿಂದಿನ ಶಾಕ್ ಅಬ್ಸಾರ್ಬರ್ ಎರಡೂ ಸೋರುತ್ತಿದ್ದವು. ಅವನ್ನು ತೆಗೆದು, ಕೆಂಪು ಸ್ಪ್ರಿಂಗಿನ, ಪಕ್ಕದಲ್ಲಿ ಗ್ಯಾಸ್ ಡಬ್ಬಿ ಇರುವ ಸ್ಪೋರ್ಟ್ ಶಾಕ್ ಹಾಕಿಸಿದ್ದೆ. ದೊಡ್ಡ ಗಾಡಿಗಳಿಗೆ ಅಂತ ಬರುವ ಜೋಡಿ ಅದು. ನೋಡಲು ಭಾರಿ ಚಂದ. ಫೋಟೋ ತೆಗೆದು ಸ್ಟೇಟಸ್‌ಗೂ ಹಾಕಿದ್ದೆ.

ನಾಚಿಕೆಯ ಸಂಗತಿ ಬೇರೆಯೇ ಇದೆ. ಈ ವಿಷಯ ನನಗೆ ಗೊತ್ತಿಲ್ಲದ್ದಲ್ಲ. ಎಂಜಿನಿಯರಿಂಗ್ ಓದುವಾಗ ನಾನು ಬಾಹಾ ತಂಡದಲ್ಲಿದ್ದೆ. ಬಾಹಾ ಅಂದರೆ ವಿದ್ಯಾರ್ಥಿಗಳೇ ವಿನ್ಯಾಸ ಮಾಡಿ, ಬೆಸುಗೆ ಹಾಕಿ ಕಟ್ಟಿದ ಒಂಟಿ ಸೀಟಿನ ಎಟಿವಿಗಳ ಸ್ಪರ್ಧೆ. ಎಟಿವಿ ಅಂದರೆ ಮಣ್ಣು, ಕಲ್ಲು, ಕೆಸರು ಏನೇ ಇದ್ದರೂ ನುಗ್ಗುವ ನಾಲ್ಕು ಗಾಲಿಯ ಗಾಡಿ. ಅಮೆರಿಕದ ಸೌತ್ ಕೆರೊಲಿನಾ ವಿಶ್ವವಿದ್ಯಾಲಯದಲ್ಲಿ 1976ರಲ್ಲಿ ಶುರುವಾದ ಈ ಸ್ಪರ್ಧೆ ನಮ್ಮ ದೇಶಕ್ಕೆ ಬಂದದ್ದು 2007ರಲ್ಲಿ, ಇಂದೋರ್ ಹತ್ತಿರದ ಪೀತಂಪುರಕ್ಕೆ. ಕೊನೆಯ ಪರೀಕ್ಷೆ ನಾಲ್ಕು ತಾಸಿನ ಓಟ. ತಗ್ಗು, ದಿಬ್ಬ, ಕಲ್ಲುಗಳ ಮೇಲೆ ನಾಲ್ಕು ತಾಸು ಮುರಿಯದೆ ಓಡಬೇಕು.

ತಂಡದಲ್ಲಿ ನನ್ನ ಪಾಲಿಗೆ ಬಂದದ್ದು ಹಿಂದಿನ ಸಸ್ಪೆನ್ಷನ್. ಡ್ರೈವರ್ ಹೆಲ್ಮೆಟ್ ಹಾಕಿಕೊಂಡು ಎಷ್ಟು ತೂಗುತ್ತಾನೆ, ಹಾಕಿಕೊಳ್ಳದೆ ಎಷ್ಟು ತೂಗುತ್ತಾನೆ ಅಂತ ತಕ್ಕಡಿಗೆ ಹತ್ತಿಸಿ ಬರೆದುಕೊಂಡವನು ನಾನು. ಅವನು ಕೂತಾಗ ಹಿಂಭಾಗ ಎಷ್ಟು ಇಳಿಯುತ್ತದೆ ಅಂತ ಟೇಪು ಹಿಡಿದು ಅಳೆದವನೂ ನಾನೇ. ಆದರೆ ಅಪ್ಪನ ಗಾಡಿಗೆ ಶಾಕ್ ಕೊಳ್ಳುವಾಗ ಅವ್ವನ ತೂಕ ಎಷ್ಟು ಅನ್ನುವ ಪ್ರಶ್ನೆಯೇ ನನಗೆ ಹೊಳೆಯಲಿಲ್ಲ.

ಮರುದಿನ ಆಫೀಸಿಗೆ ತಡವಾಗಿ ಬರುತ್ತೇನೆ ಅಂತ ಮೆಸೇಜ್ ಹಾಕಿ, ಇಂಡಿಪಂಪ್ ಹತ್ತಿರದ ಗ್ಯಾರೇಜಿಗೆ ಹೋದೆ. ಅಪ್ಪನ ಕಾಲದಿಂದಲೂ ಗಾಡಿ ನೋಡುತ್ತಿರುವ ಚಾಚಾ ಹೊಸ ಶಾಕ್ ನೋಡಿ ಏನೂ ಅನ್ನಲಿಲ್ಲ. ಕೀಲಿ ಇಸಿದುಕೊಂಡರು.

“ತಮ್ಮಾ, ನಾ ಓಡಸ್ತೀನಿ, ನೀ ಹಿಂದ ಕುಂಡ್ರು. ಹಂಗಲ್ಲೋ, ಎರಡೂ ಕಾಲು ಒಂದ ಕಡೆ ಹಾಕಿ ಕುಂಡ್ರು. ಅವ್ವ ಕುಂಡ್ರೂ ಹಂಗ.”

ಐಡಿ ಕಾರ್ಡ್ ಕೊರಳಲ್ಲಿ ಹಾಕಿಕೊಂಡು ಒಂದೇ ಕಡೆ ಕಾಲು ಇಳಿಬಿಟ್ಟು ಕೂತ ನನ್ನನ್ನು ನೋಡಿ ಚಹಾ ಅಂಗಡಿಯವರೆಲ್ಲ ನಕ್ಕರು. ನನ್ನ ನಗು ಮೊದಲ ತಗ್ಗಿನವರೆಗೆ ಮಾತ್ರ ಉಳಿಯಿತು. ಅದು ಬರುವುದು ನನಗೆ ಕಾಣಲಿಲ್ಲ. ಕಂಡಿದ್ದರೂ ಕಾಲೂರಿ ಎದ್ದು ಹಗುರಾಗಲು ಬರುತ್ತಿರಲಿಲ್ಲ. ಪೆಟ್ಟು ನೇರ ಬೆನ್ನುಹುರಿಗೆ. ಮುಂದಿನ ಹಂಪ್‌ನಲ್ಲಿ ಸೀಟು ಬಿಟ್ಟು ಮೇಲೆದ್ದು, ಓರೆಯಾಗಿ ಕೆಳಗೆ ಬಿದ್ದೆ. ಎರಡು ಸುತ್ತು ಹಾಕಿ ಗ್ಯಾರೇಜಿಗೆ ಬಂದಾಗ ನಾನೂ ನಡ ಹಿಡಿದುಕೊಂಡೇ ಇಳಿದೆ.

ಆ ಎರಡು ಸುತ್ತಿನಲ್ಲಿ ನನಗೆ ತಿಳಿದದ್ದು ಇಷ್ಟು. ಗಾಡಿ ಓಡಿಸುವವ ಎರಡು ಗಾಲಿಗಳ ನಡುವೆ ಕೂತಿರುತ್ತಾನೆ. ಹಿಂದೆ ಕೂತವರು ಹೆಚ್ಚುಕಡಿಮೆ ಹಿಂದಿನ ಗಾಲಿಯ ತಲೆಯ ಮೇಲೆ. ಅದೇ ತಗ್ಗು ಮುಂದಿನವನಿಗಿಂತ ಹಿಂದಿನವರನ್ನು ಹೆಚ್ಚು ಎತ್ತಿ ಹಾಕುತ್ತದೆ. ಓಡಿಸುವವನಿಗೆ ದಾರಿ ಕಾಣುತ್ತದೆ, ಕೈಗೆ ಹ್ಯಾಂಡಲ್ ಇದೆ, ಎರಡೂ ಕಡೆ ಕಾಲಿಗೆ ಆಧಾರ ಇದೆ. ಸೀರೆ ಉಟ್ಟು ಒಂದೇ ಕಡೆ ಕಾಲು ಹಾಕಿ ಕೂತವಳಿಗೆ ಇದ್ಯಾವುದೂ ಇಲ್ಲ. ‘ಗಾಡಿ ಮಸ್ತ್ ಐತಿ’ ಅಂತ ನಾವು ಹೇಳುವುದು ಬರೀ ಮುಂದಿನ ಸೀಟಿನ ಅಭಿಪ್ರಾಯ.

ಚಾಚಾ ಅಳತೆಗೆ ಕೂತರು. ಗಾಡಿಯನ್ನು ಡಬಲ್ ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಹಿಂದಿನ ಗಾಲಿ ನೆಲ ಬಿಟ್ಟಿರುವಾಗ ಆಕ್ಸಲ್ ನಟ್ಟಿನಿಂದ ನೇರ ಮೇಲೆ ಸೀಟಿನ ಕೆಳಗೆ ಒಂದು ಗುರುತು ಮಾಡಿ ಅಳೆದದ್ದು ಒಂದು. ಸಂಜೆ ಅವ್ವನನ್ನು ಕರೆದುಕೊಂಡು ಹೋಗಿ, ನಾವಿಬ್ಬರೂ ಕೂತಾಗ ಅದೇ ಜಾಗದಲ್ಲಿ ಅಳೆದದ್ದು ಇನ್ನೊಂದು. ಎರಡರ ನಡುವಿನ ವ್ಯತ್ಯಾಸಕ್ಕೆ ಸ್ಯಾಗ್ ಅನ್ನುತ್ತಾರೆ. ಭಾರಕ್ಕೆ ಗಾಡಿ ಎಷ್ಟು ಕುಸಿಯಿತು ಅನ್ನುವ ಲೆಕ್ಕ ಅದು. ನನ್ನ ಗಾಡಿಯ ಹಿಂದಿನ ಗಾಲಿ ಮೇಲೆ ಕೆಳಗೆ ಓಡಾಡುವುದು ಒಟ್ಟು ಸುಮಾರು 80 ಮಿಲಿಮೀಟರ್. ಇಬ್ಬರು ಕೂತಾಗ ಅದರಲ್ಲಿ ಮೂರನೇ ಒಂದು ಪಾಲಿನ ಆಸುಪಾಸು, ಅಂದರೆ 25ರಿಂದ 27 ಮಿಲಿಮೀಟರ್ ಇಳಿದರೆ ಸರಿ. ನಮಗೆ ಬಂದದ್ದು 14.

ಇಳಿಯದಿದ್ದರೆ ಒಳ್ಳೆಯದೇ ಅಲ್ಲವೇ ಅನ್ನಿಸಬಹುದು. ಅಲ್ಲ. ಶಾಕ್‌ನ ಕೆಲಸ ಉಬ್ಬು ಬಂದಾಗ ಮಡಚಿಕೊಳ್ಳುವುದು ಮಾತ್ರವಲ್ಲ. ತಗ್ಗು ಬಂದಾಗ ಗಾಲಿ ಕೆಳಗಿಳಿದು ನೆಲ ಹಿಡಿಯಬೇಕು, ಸೀಟು ಇದ್ದಲ್ಲೇ ಇರಬೇಕು. ಮೊದಲೇ ಸ್ವಲ್ಪ ಕುಸಿದಿದ್ದರೆ ಮಾತ್ರ ಗಾಲಿಗೆ ಹಾಗೆ ಇಳಿಯಲು ಜಾಗ ಇರುತ್ತದೆ. ಇಲ್ಲದಿದ್ದರೆ ಇಡೀ ಗಾಡಿಯೇ ತಗ್ಗಿಗೆ ಬೀಳುತ್ತದೆ, ಜೊತೆಗೆ ಹಿಂದೆ ಕೂತವರೂ.

ಎರಡನೇ ತಪ್ಪು ಎಣ್ಣೆಯದು. ಸ್ಪ್ರಿಂಗ್ ಪೆಟ್ಟನ್ನು ನುಂಗುವುದಿಲ್ಲ, ಹಿಡಿದಿಟ್ಟುಕೊಂಡು ವಾಪಸ್ ಕೊಡುತ್ತದೆ. ಆ ವಾಪಸನ್ನು ನಿಧಾನ ಮಾಡುವುದು ಒಳಗಿನ ಎಣ್ಣೆ. ಸಣ್ಣ ತೂತುಗಳಲ್ಲಿ ನುಸುಳುತ್ತ ಅದು ಪೆಟ್ಟಿನ ಶಕ್ತಿಯನ್ನು ಬಿಸಿಯಾಗಿ ಕರಗಿಸುತ್ತದೆ. ಗ್ಯಾಸ್ ಶಾಕ್‌ನಲ್ಲಿ ನೈಟ್ರೋಜನ್ ತುಂಬುವುದು ಆ ಎಣ್ಣೆ ನೊರೆ ಏಳದಿರಲಿ ಅಂತ. ಗ್ಯಾಸ್ ಇದ್ದ ಮಾತ್ರಕ್ಕೆ ಗಾಡಿ ಮೆತ್ತಗಾಗುವುದಿಲ್ಲ. ನನ್ನ ಕೆಂಪು ಶಾಕ್‌ನಲ್ಲಿ ವಾಪಸ್ ಬರುವ ವೇಗವನ್ನು ತಿರುಗಿಸಿ ಹೊಂದಿಸಲು ಒಂದು ಗುಂಡಿ ಇತ್ತು. ಅಂಗಡಿಯಿಂದ ಬಂದ ಹಾಗೇ ಅದನ್ನು ಬಿಟ್ಟಿದ್ದೆ. ಅವ್ವನನ್ನು ಸೀಟಿನಿಂದ ಎತ್ತಿ ಒಗೆಯುತ್ತಿದ್ದದ್ದು ಅದೇ.

ನಮ್ಮೂರಿನ ರಸ್ತೆಗೆ ಇದು ಇನ್ನೂ ಮುಖ್ಯ. ಕೆಳಗಿರುವುದು ಎರಿ ಮಣ್ಣು. ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಒಣಗಿ ಬಿರಿಯುತ್ತದೆ. ಮೇಲಿನ ಡಾಂಬರು ಅದರ ಜೊತೆ ಏರಿಳಿಯುತ್ತದೆ. ಹಾಗಾಗಿ ನಮಗೆ ತಗ್ಗಷ್ಟೇ ಅಲ್ಲ, ಅಲೆಯೂ ಸಿಗುತ್ತದೆ. ಒಂದು ಅಲೆಯಿಂದ ಸೀಟು ಸುಧಾರಿಸಿಕೊಳ್ಳುವುದರೊಳಗೆ ಇನ್ನೊಂದು ಬಂದಿರುತ್ತದೆ.

ಮೂರನೆಯದು ಚಾಚಾ ಹಿಡಿದದ್ದು. ಹೊಸ ಜೋಡಿ ಹಳೆಯದಕ್ಕಿಂತ 20 ಮಿಲಿಮೀಟರ್ ಉದ್ದ. ಸೀಟು ಸುಮಾರು ಎರಡು ಸೆಂಟಿಮೀಟರ್ ಮೇಲೇರಿತ್ತು. ಅವ್ವ ಹತ್ತಲು ಕಟ್ಟೆ ಹುಡುಕುತ್ತಿದ್ದುದು ಅದಕ್ಕೆ. ಸೈಡ್ ಸ್ಟ್ಯಾಂಡ್ ಹಾಕಿದಾಗ ಗಾಡಿ ಮೊದಲಿಗಿಂತ ಹೆಚ್ಚು ವಾಲುತ್ತಿತ್ತು, ಚೈನಿನ ಬಿಗಿಯೂ ಬದಲಾಗಿತ್ತು.

“ನೀವ ಹೇಳಬೇಕಿತ್ತಲ್ಲ ಚಾಚಾ?” ಅಂದೆ.

“ನೀ ಕೇಳಿದ್ಯಾ? ಡಬ್ಬಿ ತಂದಿದ್ದಿ, ಬ್ಯಾರೆ ಕಡೆ ಹಾಕಿಸಿದ್ದಿ.”

ಕೊನೆಗೆ ಮಾಡಿದ್ದು ಬಹಳ ಸಾದಾ ಕೆಲಸ. ಈ ಗಾಡಿಗೇ ಅಂತ ಕಂಪನಿ ಕೊಡುವ ಹೊಸ ಶಾಕ್ ಜೋಡಿ. ಕೆಳಗಿನ ಐದು ಮೆಟ್ಟಿಲಿನ ರಿಂಗನ್ನು ತಿರುಗಿಸುತ್ತ, ಅಳೆಯುತ್ತ ಹೋದೆವು. ಮೂರನೇ ಮೆಟ್ಟಿಲಿಗೆ 27 ಬಂತು. ಆ ರಿಂಗ್ ತಿರುಗಿಸಿದರೆ ಸ್ಪ್ರಿಂಗ್ ಗಟ್ಟಿಯಾಗುತ್ತದೆ ಅಂತ ಬಹಳ ಮಂದಿ ತಿಳಿದಿದ್ದಾರೆ. ಸ್ಪ್ರಿಂಗ್ ಅದೇ ಇರುತ್ತದೆ, ಗಾಡಿ ನಿಲ್ಲುವ ಎತ್ತರ ಬದಲಾಗುತ್ತದೆ ಅಷ್ಟೇ. ಜೊತೆಗೆ ಸ್ವಿಂಗ್ ಆರ್ಮಿನ ಸವೆದ ಬುಷ್ ಹೊಸದು ಹಾಕಿದರು. ನಾನು ಯಾವಾಗಲೂ ಅಂದಾಜಿನಲ್ಲಿ ಹೆಚ್ಚು ತುಂಬಿಸುತ್ತಿದ್ದ ಗಾಳಿಯನ್ನು, ಇಬ್ಬರಿಗೆ ಅಂತ ಗಾಡಿಯ ಪುಸ್ತಕದಲ್ಲಿ ಬರೆದಷ್ಟಕ್ಕೆ ಇಳಿಸಿದರು. ಕೆಂಪು ಶಾಕ್‌ಗಳನ್ನು ದೊಡ್ಡ ಗಾಡಿ ಇರುವ ಗೆಳೆಯ ಅರ್ಧ ಬೆಲೆಗೆ ಒಯ್ದ. ಅವನ ಹಿಂದೆ ಸದ್ಯಕ್ಕೆ ಯಾರೂ ಕೂಡುವುದಿಲ್ಲ.

ಶಾಕ್ ಬದಲಿಸಿದರೆ ಬೆನ್ನುನೋವು ವಾಸಿಯಾಗುವುದಿಲ್ಲ. ಅವ್ವನನ್ನು ಡಾಕ್ಟರಿಗೆ ತೋರಿಸಿ, ಎರಡು ವಾರ ಗಾಡಿ ಬಿಟ್ಟು ಆಟೋದಲ್ಲೇ ಕರೆದುಕೊಂಡು ಹೋದೆ.

ನೀವೂ ಅಪ್ಪನದೋ ಅಣ್ಣನದೋ ಗಾಡಿ ಓಡಿಸುತ್ತಿದ್ದರೆ ಈ ಭಾನುವಾರ ಹತ್ತು ನಿಮಿಷ ಕೊಡಿ. ಸೀಟಿನ ಹಿಂಭಾಗ ಒತ್ತಿ ಬಿಡಿ. ಒಮ್ಮೆ ಎದ್ದು ನಿಂತರೆ ಸರಿ, ಎರಡು ಮೂರು ಸಲ ಕುಣಿದರೆ ಶಾಕ್‌ನ ಕಥೆ ಮುಗಿದಿದೆ. ಅದರ ರಾಡಿನ ಮೇಲೆ ಎಣ್ಣೆ, ಧೂಳು ಮೆತ್ತಿದೆಯಾ ನೋಡಿ. ಡಬಲ್ ಸ್ಟ್ಯಾಂಡ್ ಹಾಕಿ ಹಿಂದಿನ ಗಾಲಿಯನ್ನು ಎಡಕ್ಕೆ ಬಲಕ್ಕೆ ಅಲುಗಾಡಿಸಿ. ಕಟಕಟ ಅಂದರೆ ಬುಷ್ ಇಲ್ಲವೇ ಬೇರಿಂಗ್ ನೋಡಿಸಬೇಕು. ಹೊಸ ಶಾಕ್ ಕೊಳ್ಳುವುದೇ ಆದರೆ ಎರಡನ್ನೂ ಒಟ್ಟಿಗೆ ಬದಲಿಸಿ, ಹಳೆಯದರಷ್ಟೇ ಉದ್ದದ್ದು ತನ್ನಿ. ಅಳೆಯುವಾಗ ನಿಮ್ಮ ಹಿಂದೆ ನಿಜವಾಗಿ ಕೂಡುವವರನ್ನೇ ಕೂಡಿಸಿ. ಆಮೇಲೆ ಒಮ್ಮೆ ನೀವೇ ಹಿಂದೆ ಕೂತು ನೋಡಿ. ಯಾರಾದರೂ ನಕ್ಕರೆ ನಗಲಿ.

ಮೊನ್ನೆ ಸೋಮವಾರ ಅವ್ವ ಮತ್ತೆ ಗಾಡಿ ಹತ್ತಿದಳು. ಕಟ್ಟೆ ಬೇಕಾಗಲಿಲ್ಲ. ಮೊದಲ ತಿರುವಿನಲ್ಲಿ ನನಗೆ ಒಂದು ಮಾತು ನೆನಪಾಯಿತು. ಅಪ್ಪ ಗಾಡಿ ಓಡಿಸುವಾಗ ಪ್ರತಿ ಸಲ ಹಿಂದಕ್ಕೆ ಕೇಳುವ ಹಾಗೆ “ತಗ್ಗು” ಅನ್ನುತ್ತಿದ್ದ. ಸಣ್ಣವನಿದ್ದಾಗ ನಾನು ಅದನ್ನು ರಸ್ತೆಗೆ ಬೈಯುವುದು ಅಂದುಕೊಂಡಿದ್ದೆ.

ಮುಂದೆ ತಗ್ಗು ಕಂಡಿತು. ವೇಗ ಇಳಿಸಿ “ತಗ್ಗು” ಅಂದೆ. ಅವ್ವನ ಕೈ ನನ್ನ ಹೆಗಲ ಮೇಲೆ ಬಿಗಿಯಾಯಿತು. ಗಾಡಿ ಇಳಿದು ಏರಿತು.

“ಈಗ ಹೆಂಗೈತವ್ವಾ?”

“ತಗ್ಗು ತಗ್ಗ ಐತಿ,” ಅಂದಳು. ಸ್ವಲ್ಪ ದೂರ ಹೋದ ಮೇಲೆ, “ಮುಂದಿನ ವಾರ ಅರ್ಧಾ ತಾಸು ಮೊದಲ ಹೊರಡೂಣು. ಹೂವು ತಗೋಬೇಕು.”