ಎಷ್ಟು ತೋಳಗಳಿದ್ದರೆ ಬೇಟೆ?

ಒಗ್ಗಟ್ಟಿನಲ್ಲಿ ಬಲವಿದೆ, ನಿಜ. ಆದರೆ ಎಷ್ಟು ಜನರವರೆಗೆ?

ಅಮೆರಿಕದ ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನಕ್ಕೆ 1995ರಲ್ಲಿ ತೋಳಗಳನ್ನು ಮರಳಿ ತಂದು ಬಿಟ್ಟರು. ಅವುಗಳ ಮುಖ್ಯ ಆಹಾರ ಎಲ್ಕ್. ಇದು ನಮ್ಮ ಕಡವೆಯ ಬಳಗದ, ತೋಳಕ್ಕಿಂತ ಐದಾರು ಪಟ್ಟು ತೂಕದ ಜಿಂಕೆ. ಒಂಟಿ ತೋಳವೂ ಇದನ್ನು ಕೆಡವುವುದುಂಟು. ಆದರೆ ಒಂದೇ ಒದೆತಕ್ಕೆ ಅದರ ಪ್ರಾಣವೇ ಹೋಗಬಹುದು. ಜೊತೆಗಾರರಿದ್ದರೆ ಅನುಕೂಲ.

ವರ್ಷಗಟ್ಟಲೆ ಬೇಟೆಗಳನ್ನು ಗಮನಿಸಿದ ವಿಜ್ಞಾನಿಗಳು 2012ರಲ್ಲಿ ಪ್ರಕಟಿಸಿದ ಲೆಕ್ಕ ಸ್ವಾರಸ್ಯಕರ: ಸುಮಾರು 4 ತೋಳಗಳವರೆಗೆ ಯಶಸ್ಸು ಏರುತ್ತದೆ, ಆಮೇಲೆ ಏರುವುದಿಲ್ಲ. ಗುಂಪು ದೊಡ್ಡದಾದಂತೆ ಕೆಲವು ಹಿಂದೆ ಉಳಿಯುತ್ತವೆ; ಊಟಕ್ಕೆ ಮಾತ್ರ ಹಾಜರ್! ಬೇಟೆ ಇನ್ನೂ ಅಪಾಯಕಾರಿ ಬೈಸನ್ ಆದರೆ ಹೆಚ್ಚು ತೋಳಗಳು ಕೈಜೋಡಿಸುತ್ತವೆ.

ಪಾಲಕರೇ, ಮಕ್ಕಳು ಗುಂಪಾಗಿ ಓದುತ್ತೇವೆಂದರೆ ಬೇಡವೆನ್ನಬೇಡಿ. ಎಷ್ಟು ಜನ, ಲೆಕ್ಕ ಬಿಡಿಸುವವರು ಯಾರು ಎಂದಷ್ಟೇ ಕೇಳಿ.