ಓಟದ ಉಡುಪು, ಬೀದಿಯ ಉಡುಪು

ಓಟಗಾರರಿಗೆಂದು ಹೊಲಿದ ಉಡುಪು ಈಗ ಪೇಟೆ, ಕಾಲೇಜು, ಕಚೇರಿಗಳಲ್ಲಿಯೂ ಸಲ್ಲುತ್ತಿದೆ. ಇದನ್ನು ಬರಿಯ ಷೋಕಿಯೆಂದು ಹಳಿಯುವವರು ಅದರ ಹುಟ್ಟನ್ನು ನೆನೆಯಬೇಕು. 1977ರಲ್ಲಿ ಅಮೆರಿಕದ ವರ್ಮಾಂಟಿನಲ್ಲಿ ಲೀಸಾ ಲಿಂಡಾಲ್ ಮತ್ತು ಆಕೆಯ ಇಬ್ಬರು ಸಂಗಾತಿಯರು, ಗಂಡಸರ ಆಟದ ಲಂಗೋಟಿ ಎರಡನ್ನು ಜೋಡಿಸಿ, ಹೆಂಗಸರ ಓಟಕ್ಕೊಪ್ಪುವ ಒಳಕುಪ್ಪಸವನ್ನು ರೂಪಿಸಿದರು. ಅಂಗಡಿಯಲ್ಲಿ ದೊರೆಯದುದನ್ನು ತಾವೇ ಹೊಲಿದುಕೊಂಡರು. 1980ರಲ್ಲಿ ನ್ಯೂಯಾರ್ಕಿನ ನಾರ್ಮಾ ಕಮಾಲಿಯವರು ವ್ಯಾಯಾಮದ ಸ್ವೆಟ್‌ಶರ್ಟಿನ ಬಟ್ಟೆಯಿಂದಲೇ ನಿತ್ಯದ ಲಂಗ, ಅಂಗಿಗಳನ್ನು ಮಾಡಿ ಮೆರೆಸಿದರು.

ಚೆಲುವೇನೋ ಅಂದಿನಿಂದ ಬೆಳೆದಿದೆ. ಆದರೆ ಬೆವರು ಆರದ ಬಟ್ಟೆ, ಬೀಗದ ಕೈಗೂ ಎಡೆಯಿಲ್ಲದ ಜೇಬು—ಇಂಥವುಗಳನ್ನು ಕಂಡಾಗ ಓಟವೇ ಮರೆತುಹೋಯಿತೇ ಎನಿಸುತ್ತದೆ. ಸಂಸಾರ, ಉದ್ಯೋಗಗಳ ನಡುವೆ ಅರ್ಧ ಗಂಟೆ ಬಿಡುವು ಮಾಡಿಕೊಂಡು ಓಡುವ ಹೆಣ್ಣಿಗೆ ಒಂದೇ ಉಡುಪು ಎರಡಕ್ಕೂ ಒದಗಿದರೆ ಅಷ್ಟು ಹೊತ್ತು ಉಳಿಯಿತು. ವಿನ್ಯಾಸಕಾರರು ಮೊದಲು ಓಡುವವಳನ್ನು ನೆನೆಯಲಿ, ನೋಡುವವರನ್ನು ಆಮೇಲೆ.